ಎಸ್‌ಟಿಪಿ ಪಾಸ್, ಹೊಳೆ ಫೇಲ್: ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಎಲ್ಲಿಂದ ನುಸುಳುತ್ತಿದೆ ಎಂದು ಹುಡುಕುವ ಕೈಪಿಡಿ

ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಸಂಸ್ಕರಿಸುವ ಪ್ಲಾಂಟ್‌ನ, ಔಟ್‌ಲೆಟ್ ನೀರು ಕಣ್ಣಿಗೆ ತಿಳಿಯಾಗಿದೆ. ಬಿಒಡಿ (ನೀರಿನ ಕೊಳೆ ಕರಗಿಸಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 10 ಮಿ.ಗ್ರಾಂ ಒಳಗಿದೆ. ಟಿಎಸ್‌ಎಸ್ (ನೀರಿನಲ್ಲಿ ತೇಲುವ ಕಣಗಳು) ಕೂಡ ಮಿತಿಯಲ್ಲೇ ಇದೆ. ವಾಸನೆ ಇಲ್ಲ. ಆದರೂ ಆ ನೀರು ಹೊಳೆ ಸೇರುವ ಜಾಗದಿಂದ ಸ್ವಲ್ಪ ಕೆಳಗೆ ಸ್ಯಾಂಪಲ್ ತೆಗೆದು, ಸೆಫೊಟ್ಯಾಕ್ಸಿಮ್ ಬೆರೆಸಿದ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಮೇಲೆ ಹಾಕಿಟ್ಟರೆ, ಬೆಳಗಾಗುವಷ್ಟರಲ್ಲಿ ನೀಲಿ-ಹಸಿರು ಚುಕ್ಕೆಗಳು ಎದ್ದಿರುತ್ತವೆ. ಹೊಳೆಯ ಮೇಲ್ಭಾಗದ ಸ್ಯಾಂಪಲ್‌ನಲ್ಲಿ ಅವು ಇರುವುದಿಲ್ಲ, ಇದ್ದರೂ ಒಂದೋ ಎರಡೋ. ಈ ಕೈಪಿಡಿ ಇರುವುದು ಆ ಚುಕ್ಕೆಗಳ ಮೂಲ ಹುಡುಕುವುದಕ್ಕೆ.

ಚುಕ್ಕೆ ಅಂದರೆ ಇ. ಕೋಲಿ ಬ್ಯಾಕ್ಟೀರಿಯಾದ ಕಾಲನಿ. ಸೆಫೊಟ್ಯಾಕ್ಸಿಮ್ ಆಸ್ಪತ್ರೆಯಲ್ಲಿ ಜೋರಾದ ಸೋಂಕಿಗೆ ಕೊಡುವ ಆಂಟಿಬಯಾಟಿಕ್ ಇಂಜೆಕ್ಷನ್. ಅದರ ನಡುವೆಯೂ ಬೆಳೆದಿದೆ ಎಂದರೆ ಆ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗುವುದಿಲ್ಲ. 2019ರ ಒಂದೇ ವರ್ಷದಲ್ಲಿ ಇಂಥ ಬಗ್ಗದ ಬ್ಯಾಕ್ಟೀರಿಯಾಗಳ ಸೋಂಕಿನಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. ಅದರಲ್ಲಿ ಹೊಳೆಯ ಪಾಲು ಎಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ. ಆದರೆ ಅದೇ ಹೊಳೆಯಲ್ಲಿ ಈಜುವವರು, ಬಟ್ಟೆ ಒಗೆಯುವವರು, ಅದರಿಂದ ತರಕಾರಿಗೆ ನೀರು ಹಾಯಿಸುವವರು ಇದ್ದಾರೆ ಅಲ್ವಾ?

ಇಂಥ ರಿಸಲ್ಟ್ ಬಂದ ಕೂಡಲೇ ಎಲ್ಲರೂ ಬೈಯುವುದು ಏರೇಷನ್ ಟ್ಯಾಂಕನ್ನು, ಅಂದರೆ ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವ ತೊಟ್ಟಿಯನ್ನು. "ಅಲ್ಲಿ ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಇರುತ್ತವೆ, ಜೀನ್ ಹಂಚಿಕೊಳ್ಳುತ್ತವೆ, ಅಲ್ಲೇ ಈ ರೋಗ ಹುಟ್ಟುತ್ತಿದೆ" ಎನ್ನುತ್ತಾರೆ. ಹಂಚಿಕೊಳ್ಳುವುದು ನಿಜ. ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರದಂಥ ಡಿಎನ್‌ಎ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಆದರೆ ಔಟ್‌ಲೆಟ್‌ನಲ್ಲಿ ಸಿಗುವ ಬಹುಪಾಲು ಇನ್‌ಲೆಟ್‌ನಿಂದಲೇ, ಅಂದರೆ ನಮ್ಮ ನಿಮ್ಮ ಹೊಟ್ಟೆಯಿಂದಲೇ ಬಂದದ್ದು. ನಾನು ನೋಡಿದ ಮಟ್ಟಿಗೆ ದೋಷ ಸಿಕ್ಕಿದ್ದೆಲ್ಲ ಸಪ್ಪೆ ಜಾಗಗಳಲ್ಲಿ. ಅಳತೆ ತಪ್ಪಿರುತ್ತದೆ, ಕೊಳಚೆಯನ್ನು ಪ್ಲಾಂಟ್ ತಪ್ಪಿಸಿ ನೇರ ಹೊರಬಿಡುವ ಬೈಪಾಸ್ ಗೇಟ್ ತೆರೆದಿರುತ್ತದೆ, ಕೆಸರು ಕೂರಿಸಬೇಕಾದ ಕ್ಲಾರಿಫೈಯರ್ ಅದನ್ನು ಹೊರಬಿಡುತ್ತಿರುತ್ತದೆ, ಇಲ್ಲವೇ ಹಾಕಿದ ಕ್ಲೋರಿನ್ ಬೇರೆ ಯಾವುದಕ್ಕೋ ಖರ್ಚಾಗುತ್ತಿರುತ್ತದೆ. ಹುಡುಕುವುದನ್ನೂ ಅದೇ ಕ್ರಮದಲ್ಲಿ ಹುಡುಕಿ. ಖರ್ಚಿಲ್ಲದ ಪರೀಕ್ಷೆ ಮೊದಲು.

ಶುರು ಮಾಡುವ ಮುನ್ನ ಒಂದು ಲೆಕ್ಕ

"99 ಪರ್ಸೆಂಟ್ ತೆಗೆದಿದ್ದೇವೆ" ಎಂದು ಪ್ಲಾಂಟ್‌ನವರು ಹೇಳಿದರೆ ಅದು ಸುಳ್ಳಲ್ಲ. ಒಳಗೆ ಬರುವ ಕೊಳಚೆಯಲ್ಲಿ ಪ್ರತಿ 100 ಮಿ.ಲೀ.ಗೆ ಸಾಮಾನ್ಯವಾಗಿ 10 ಲಕ್ಷದಿಂದ 1 ಕೋಟಿ ಇ. ಕೋಲಿ ಇರುತ್ತವೆ. ಏರೇಷನ್, ಕ್ಲಾರಿಫೈಯರ್ ಎರಡೂ ಮುಗಿದ ಮೇಲೆ 10 ಸಾವಿರದಿಂದ 1 ಲಕ್ಷಕ್ಕೆ ಇಳಿಯುತ್ತವೆ.

ಕಡಿಮೆ ಕಡೆಯ ಅಂಕಿಯನ್ನೇ ಹಿಡಿಯೋಣ. 100 ಮಿ.ಲೀ.ಗೆ 10 ಸಾವಿರ, ಅಂದರೆ ಲೀಟರಿಗೆ 1 ಲಕ್ಷ. ಪ್ಲಾಂಟ್ ದಿನಕ್ಕೆ 1 ಕೋಟಿ ಲೀಟರ್ ಬಿಡುತ್ತದೆ ಅಂದುಕೊಳ್ಳಿ. ಗುಣಿಸಿದರೆ ದಿನಕ್ಕೆ 1 ಲಕ್ಷ ಕೋಟಿ ಇ. ಕೋಲಿ ಹೊಳೆಗೆ. ಅದರಲ್ಲಿ ನೂರಕ್ಕೆ ಒಂದು ಮಾತ್ರ ಮದ್ದಿಗೆ ಬಗ್ಗದ್ದು ಎಂದರೂ ಸಾವಿರ ಕೋಟಿ ಆಯಿತು. ಇದು ಯಾವ ದೋಷವೂ ಇಲ್ಲದ, ಸೋಂಕು ನಿವಾರಣೆ ಮಾತ್ರ ಇಲ್ಲದ ಪ್ಲಾಂಟ್‌ನ ಲೆಕ್ಕ.

ಪ್ಲಾಂಟ್ ಕಟ್ಟಿದ್ದು ಕೊಳೆ ತಿನ್ನಿಸುವುದಕ್ಕೆ, ಜೀನ್ ತೆಗೆಯುವುದಕ್ಕಲ್ಲ. ರಿಪೋರ್ಟ್ ಫಾರಂನಲ್ಲೂ ಅದಕ್ಕೊಂದು ಕಾಲಂ ಇರುವುದಿಲ್ಲ. ಐರೋಪ್ಯ ಒಕ್ಕೂಟ 2024ರಲ್ಲಿ ತನ್ನ ನಗರ ಕೊಳಚೆ ನೀರಿನ ಕಾನೂನನ್ನು ತಿದ್ದಿ, 1 ಲಕ್ಷ ಜನರ ಹೊರೆ ಮತ್ತು ಅದಕ್ಕೂ ಹೆಚ್ಚು ಇರುವ ಕಡೆ ಆಂಟಿಬಯಾಟಿಕ್ ಪ್ರತಿರೋಧವನ್ನೂ ಅಳೆಯಬೇಕು ಎಂದು ಸೇರಿಸಿತು. ಅಳೆಯಬೇಕು ಎಂದಿದೆ, ಇಷ್ಟಕ್ಕಿಂತ ಮೀರಬಾರದು ಎಂದಿಲ್ಲ. ಹಾಗಾಗಿ "ಪಾಸ್" ಎಂಬ ಮುದ್ರೆ ನೋಡಿ ಈ ಹುಡುಕಾಟವನ್ನು ಕೈಬಿಡಬೇಡಿ.

ಮೊದಲ ಅನುಮಾನ ಅಳತೆಯ ಮೇಲೆ

ಇಲ್ಲಿ ನಿಧಾನವಾಗಿ ಹೋಗಿ. ತಪ್ಪು ಅಳತೆ ಹಿಡಿದುಕೊಂಡು ತಿಂಗಳುಗಟ್ಟಲೆ ಪ್ಲಾಂಟ್ ರಿಪೇರಿ ಮಾಡಿದವರನ್ನು ನೋಡಿದ್ದೇನೆ.

ಪ್ಲೇಟ್ ಯಾವಾಗಲೂ ಜೋಡಿಯಾಗಿ ಹಾಕಿ. ಒಂದರಲ್ಲಿ ಆಂಟಿಬಯಾಟಿಕ್ ಬೇಡ. ಇನ್ನೊಂದರಲ್ಲಿ ಲೀಟರಿಗೆ 4 ಮಿ.ಗ್ರಾಂ ಸೆಫೊಟ್ಯಾಕ್ಸಿಮ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಟ್ರೈಸೈಕಲ್ ಪ್ರೋಟೋಕಾಲ್ ಕೂಡ ಇದನ್ನೇ ಹೇಳುವುದು. ಮನುಷ್ಯರು, ಆಹಾರ, ಪರಿಸರ ಮೂರರಲ್ಲೂ ಒಂದೇ ಬ್ಯಾಕ್ಟೀರಿಯಾವನ್ನು ಒಂದೇ ರೀತಿ ಎಣಿಸಬೇಕು ಎಂಬುದು ಅದರ ಉಪಾಯ. ಮೊದಲ ಪ್ಲೇಟ್‌ನಲ್ಲಿ 80 ಕಾಲನಿ, ಎರಡನೆಯದರಲ್ಲಿ 4 ಬಂದರೆ, ನೂರಕ್ಕೆ 5 ಬಗ್ಗದವು ಎಂದಾಯಿತು.

ಈ ಶೇಕಡಾವಾರು ಸುಮ್ನೆ ಒಂದು ಅಂಕಿ ಅಲ್ಲ. ಇನ್‌ಲೆಟ್‌ನಲ್ಲೂ ಔಟ್‌ಲೆಟ್‌ನಲ್ಲೂ 5 ಇದ್ದರೆ, ಪ್ಲಾಂಟ್ ಬಗ್ಗುವವನ್ನೂ ಬಗ್ಗದವನ್ನೂ ಒಂದೇ ಪ್ರಮಾಣದಲ್ಲಿ ತೆಗೆಯುತ್ತಿದೆ. ದೋಷ ಏನಿದ್ದರೂ "ಸಾಕಷ್ಟು ತೆಗೆಯುತ್ತಿಲ್ಲ" ಎಂಬ ಜಾತಿಯದ್ದು. ಇನ್‌ಲೆಟ್‌ನಲ್ಲಿ 5 ಇದ್ದದ್ದು ಔಟ್‌ಲೆಟ್‌ನಲ್ಲಿ 15 ಆಗಿದ್ದರೆ, ಮತ್ತೆ ಮತ್ತೆ ಹಾಗೇ ಬಂದರೆ, ಆಗ ಮಾತ್ರ ಒಳಗೆ ಯಾವುದೋ ಹಂತ ಬಗ್ಗದವನ್ನೇ ಆರಿಸಿ ಉಳಿಸುತ್ತಿದೆ ಎಂದು ಅನುಮಾನ ಪಡಿ. ಒಂದೇ ಸಲ ಬಂದದ್ದನ್ನು ನಂಬಬೇಡಿ. ಔಟ್‌ಲೆಟ್ ಪ್ಲೇಟ್‌ನಲ್ಲಿ ಕಾಲನಿಗಳೇ ಕಡಿಮೆ ಇರುತ್ತವೆ. 20ರಲ್ಲಿ 3 ಅಂದರೂ 15 ಪರ್ಸೆಂಟೇ. ಅಂಥ ಕಡೆ ಜಾಸ್ತಿ ನೀರು ಸೋಸಿ ಎಣಿಸಿ.

ಕ್ಯೂಪಿಸಿಆರ್ (ಜೀನ್‌ಗಳನ್ನೇ ಎಣಿಸುವ ಲ್ಯಾಬ್ ಪರೀಕ್ಷೆ) ಮಾಡಿಸಿದ್ದರೆ ಇನ್ನೂ ಒಂದು ಗೊಂದಲ ಕಾದಿರುತ್ತದೆ. ಲ್ಯಾಬ್ ಎರಡು ಬಗೆಯ ಅಂಕಿ ಕೊಡಬಹುದು. ಒಂದು, ಪ್ರತಿ ಮಿ.ಲೀ. ನೀರಿನಲ್ಲಿ ಆ ಜೀನ್‌ನ ಎಷ್ಟು ಕಾಪಿ ಇವೆ ಎಂಬುದು. ಇನ್ನೊಂದು, ಒಟ್ಟು ಬ್ಯಾಕ್ಟೀರಿಯಾಗೆ ಹೋಲಿಸಿದರೆ ಎಷ್ಟು ಎಂಬುದು. ಎರಡನೆಯದಕ್ಕೆ 16ಎಸ್ ಎಂಬ, ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ ಜೀನನ್ನು ಅಳತೆಗೋಲು ಮಾಡಿಕೊಳ್ಳುತ್ತಾರೆ. ಪ್ಲಾಂಟ್‌ನಲ್ಲಿ ಒಟ್ಟು ಬ್ಯಾಕ್ಟೀರಿಯಾ ನೂರು ಪಟ್ಟು ಇಳಿದು, ಸುಲ್1 ಎಂಬ ಪ್ರತಿರೋಧದ ಜೀನ್ ಐವತ್ತು ಪಟ್ಟು ಮಾತ್ರ ಇಳಿದರೆ, ಮೊದಲ ಅಂಕಿ ಕುಸಿಯುತ್ತದೆ, ಎರಡನೆಯದು ಎರಡು ಪಟ್ಟು ಏರುತ್ತದೆ. ಒಬ್ಬರು "ಕಡಿಮೆ ಆಯಿತು" ಎನ್ನುತ್ತಾರೆ, ಇನ್ನೊಬ್ಬರು "ಜಾಸ್ತಿ ಆಯಿತು" ಎನ್ನುತ್ತಾರೆ. ಇಬ್ಬರೂ ಸರಿ. ಹೊಳೆಗೆ ಎಷ್ಟು ಹೋಗುತ್ತಿದೆ ಎಂದು ತಿಳಿಯಬೇಕಿದ್ದರೆ ಮೊದಲ ಅಂಕಿಯನ್ನು ದಿನದ ಹರಿವಿಗೆ ಗುಣಿಸಿ. ಒಳಗೆ ಏನಾದರೂ ಆರಿಸಿ ಉಳಿಯುತ್ತಿದೆಯೇ ಎಂದು ತಿಳಿಯಲು ಎರಡನೆಯದು.

ಕ್ಯೂಪಿಸಿಆರ್ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಎಣಿಸುತ್ತದೆ. ಕ್ಲೋರಿನ್ ಹಾಕಿದ ಮೇಲೆ ಪ್ಲೇಟ್ ಖಾಲಿ, ಕ್ಯೂಪಿಸಿಆರ್ ಅಂಕಿ ಮಾತ್ರ ಹಾಗೇ ಇದೆ ಎಂದರೆ ಗಾಬರಿ ಬೇಡ. ಪಿಎಂಎ ಎಂಬ ಬಣ್ಣ ಹಾಕಿ ಬೆಳಕಿಗೆ ಹಿಡಿದರೆ, ಪೊರೆ ಒಡೆದ ಸತ್ತ ಜೀವಕೋಶದ ಡಿಎನ್‌ಎ ಲೆಕ್ಕದಿಂದ ಹೊರಗುಳಿಯುತ್ತದೆ. ಆದರೆ ಯುವಿ ದೀಪದಿಂದ ಸತ್ತವಕ್ಕೆ ಈ ಉಪಾಯ ನಡೆಯುವುದಿಲ್ಲ. ಯುವಿ ಡಿಎನ್‌ಎಯನ್ನು ಕೆಡಿಸುತ್ತದೆ, ಪೊರೆ ಹಾಗೇ ಇರುತ್ತದೆ. ಬಣ್ಣ ಒಳಗೇ ಹೋಗದು.

ಇದರ ಉಲ್ಟಾ ದೋಷವೂ ಇದೆ. ಕೊಳಚೆಯ ಹ್ಯೂಮಿಕ್ ಆಮ್ಲ ಪಿಸಿಆರ್ ಕ್ರಿಯೆಯನ್ನೇ ತಡೆದು, ಜೀನ್ ಇದ್ದರೂ ಕಡಿಮೆ ತೋರಿಸುತ್ತದೆ. ಅದೇ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓಡಿಸಲು ಹೇಳಿ. ಸರಿಯಿದ್ದರೆ ಸುಮಾರು 3.3 ಸೈಕಲ್ (ಡಿಎನ್‌ಎ ಒಮ್ಮೆ ಇಮ್ಮಡಿಯಾಗುವ ಸುತ್ತು) ತಡವಾಗಿ ಬರಬೇಕು. ಒಂದೇ ಸೈಕಲ್ ತಡವಾದರೆ ತಡೆ ಇದೆ ಎಂದೇ ಅರ್ಥ. ಇನ್‌ಲೆಟ್ ಸ್ಯಾಂಪಲ್‌ನಲ್ಲಿ ತಡೆ ಇದ್ದು ಔಟ್‌ಲೆಟ್‌ನಲ್ಲಿ ಇಲ್ಲದಿದ್ದರೆ, ಪ್ಲಾಂಟೇ ಜೀನ್ ಹುಟ್ಟಿಸುತ್ತಿದೆ ಎನ್ನುವ ಹಾಗೆ ಕಾಣುತ್ತದೆ.

ಬಾಟಲಿಯ ವಿಷಯ ಚಿಕ್ಕದು, ಆದರೆ ಅಲ್ಲೇ ಜಾಸ್ತಿ ಎಡವುವುದು. ಕ್ಲೋರಿನ್ ಇರುವ ನೀರಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿದ ಬಾಟಲಿಯೇ ಬೇಕು. ಇಲ್ಲದಿದ್ದರೆ ಲ್ಯಾಬ್‌ಗೆ ಹೋಗುವ ದಾರಿಯುದ್ದಕ್ಕೂ ಕ್ಲೋರಿನ್ ಕೊಲ್ಲುತ್ತಲೇ ಇರುತ್ತದೆ. ರಿಪೋರ್ಟ್ ಚೆನ್ನಾಗಿ ಬರುತ್ತದೆ, ಹೊಳೆ ಮಾತ್ರ ಹಾಗೇ ಇರುತ್ತದೆ. ಬಾಟಲಿ ಐಸ್ ಮೇಲೆ ಹೋಗಲಿ, 24 ಗಂಟೆಯೊಳಗೆ ಕೆಲಸ ಶುರುವಾಗಲಿ. ಬೆಳಗ್ಗೆ ಹತ್ತು ಗಂಟೆಗೆ ಇನ್‌ಲೆಟ್, ಹತ್ತೂ ಐದಕ್ಕೆ ಔಟ್‌ಲೆಟ್ ತೆಗೆದು ಹೋಲಿಸುವುದರಲ್ಲಿ ಅರ್ಥವಿಲ್ಲ. ಆಗ ಹೊರಬರುತ್ತಿರುವುದು ರಾತ್ರಿ ಒಳಬಂದ ನೀರು. 24 ಗಂಟೆಯ ಕೂಡು ಸ್ಯಾಂಪಲ್ ತೆಗೆಯಿರಿ.

ಎಲ್ಲ ನೀರೂ ಪ್ಲಾಂಟ್ ಒಳಗೆ ಹೋಗುತ್ತಿದೆಯೇ?

ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಇನ್‌ಲೆಟ್ ಮೀಟರ್ ಮತ್ತು ಔಟ್‌ಲೆಟ್ ಮೀಟರ್ ಓದಿ, ಒಂದು ವಾರದ ಅಂಕಿ ಅಕ್ಕಪಕ್ಕ ಬರೆಯಿರಿ. ಆಮೇಲೆ ಬೈಪಾಸ್ ಗೇಟ್ ಹತ್ತಿರ ಖುದ್ದಾಗಿ ಹೋಗಿ ನಿಲ್ಲಿ. ಗೇಟ್ ಮುಚ್ಚಿದೆ ಎಂದರೆ ಸಾಲದು, ಅದರ ಆಚೆಯ ಕಾಲುವೆ ಒಣಗಿರಬೇಕು. ಒಮ್ಮೆ ನಾನು ನೋಡಿದ ಗೇಟ್‌ನ ರಬ್ಬರ್ ಸೀಲ್ ಒಂದು ಮೂಲೆಯಲ್ಲಿ ಹರಿದಿತ್ತು. ಬೆರಳಿನಷ್ಟು ದಪ್ಪದ ಧಾರೆ, ಅಷ್ಟೇ. ಆ ಧಾರೆಯ ಕೆಳಗೆ ಗೋಡೆಯ ಮೇಲೆ ಬೂದು ಬಣ್ಣದ ಲೋಳೆ ಪದರ ಬೆಳೆದಿತ್ತು. ಇವತ್ತು ನಿನ್ನೆಯ ಸೋರಿಕೆ ಅಲ್ಲ ಎಂದು ಅದೇ ಹೇಳುತ್ತಿತ್ತು.

ಆ ಧಾರೆ ಅಷ್ಟು ಮುಖ್ಯವೇ? ಲೆಕ್ಕ ಹಾಕಿ. ಕಚ್ಚಾ ಕೊಳಚೆಯಲ್ಲಿ ಔಟ್‌ಲೆಟ್‌ಗಿಂತ ನೂರು ಪಟ್ಟು ಜಾಸ್ತಿ ಬ್ಯಾಕ್ಟೀರಿಯಾ. ಅಂದರೆ ಹರಿವಿನ ನೂರರಲ್ಲಿ ಒಂದು ಪಾಲು ಬೈಪಾಸ್ ಆದರೆ, ಸಂಸ್ಕರಿಸಿದ ಉಳಿದ 99 ಪಾಲು ಕೊಡುವಷ್ಟೇ ಹೊರೆಯನ್ನು ಆ ಒಂದು ಪಾಲು ಕೊಡುತ್ತದೆ. ಕ್ಲೋರಿನ್ ಚೆನ್ನಾಗಿ ನಡೆಯುವ ಪ್ಲಾಂಟ್ ಆದರೆ ಬೈಪಾಸ್‌ನ ಪಾಲು ಇನ್ನೂ ಎಷ್ಟೋ ದೊಡ್ಡದು.

ಮಳೆ ಬಂದಾಗ ಚರಂಡಿ ನೀರೂ ಮಳೆ ನೀರೂ ಒಂದೇ ಪೈಪ್‌ನಲ್ಲಿ ಬರುವ ಕಡೆ ಪ್ಲಾಂಟ್‌ಗೆ ಬರುವ ಮೊದಲೇ ಉಕ್ಕಿ ಹೊಳೆ ಸೇರುತ್ತದೆ. ಹೊಳೆಯ ಕೆಟ್ಟ ರಿಸಲ್ಟ್‌ಗಳೆಲ್ಲ ಮಳೆಯ ಮರುದಿನದವೇ ಎಂದು ನೋಡಿ. ಹೌದಾದರೆ ಪ್ಲಾಂಟ್ ಬಿಡಿ, ಪೈಪ್ ಲೈನ್ ಹಿಡಿಯಿರಿ.

ಕ್ಲಾರಿಫೈಯರ್: ಕೆಸರು ಹೋದರೆ ಜೀನೂ ಹೋಯಿತು

ಏರೇಷನ್ ಟ್ಯಾಂಕ್‌ನ ಬ್ಯಾಕ್ಟೀರಿಯಾ ಒಂಟಿಯಾಗಿ ತೇಲುವುದಿಲ್ಲ. ಒಟ್ಟಾಗಿ ಹತ್ತಿಯ ಚೂರಿನಂಥ ಫ್ಲಾಕ್ ಕಟ್ಟುತ್ತವೆ. ಕ್ಲಾರಿಫೈಯರ್ ಆ ಫ್ಲಾಕ್ ಕೆಳಗೆ ಕೂರಿಸುತ್ತದೆ. ಕೂರದ ಫ್ಲಾಕ್ ಔಟ್‌ಲೆಟ್ ಸೇರುತ್ತದೆ, ತನ್ನೊಳಗಿನ ಜೀನ್‌ಗಳ ಸಮೇತ. ಜೊತೆಗೆ, ಫ್ಲಾಕ್ ಒಳಗೆ ಕೂತ ಬ್ಯಾಕ್ಟೀರಿಯಾಗೆ ಮುಂದಿನ ಕ್ಲೋರಿನ್ನೂ ತಾಗುವುದಿಲ್ಲ, ಯುವಿ ಬೆಳಕೂ ತಾಗುವುದಿಲ್ಲ. ಒಂದೇ ದೋಷ, ಎರಡು ನಷ್ಟ.

ಇದಕ್ಕೆ ಲ್ಯಾಬ್ ಬೇಡ. ಒಂದು ಲೀಟರಿನ ಅಳತೆ ಜಾರ್ ಸಾಕು. ಏರೇಷನ್ ಟ್ಯಾಂಕ್‌ನಿಂದ ತುಂಬಿಸಿ, ಅಲ್ಲಾಡದ ಕಡೆ ನೆರಳಲ್ಲಿ ಇಡಿ. ಮೊದಲ ಐದು ನಿಮಿಷ ಕಣ್ಣು ತೆಗೆಯಬೇಡಿ. ಒಳ್ಳೆಯ ಕೆಸರಾದರೆ ಕಂದು ಬಣ್ಣದ ಚೂರುಗಳು ಒಂದಕ್ಕೊಂದು ಅಂಟಿ, ಮೇಲೆ ತಿಳಿ ನೀರಿನ ಗೆರೆ ಸ್ಪಷ್ಟವಾಗಿ ಇಳಿಯುತ್ತ ಬರುತ್ತದೆ. 30 ನಿಮಿಷಕ್ಕೆ ಕೆಸರು ಎಷ್ಟು ಮಿ.ಲೀ. ಗುರುತಿನಲ್ಲಿ ನಿಂತಿದೆ ಎಂದು ಬರೆದುಕೊಳ್ಳಿ. 600ರಲ್ಲಿ ನಿಂತಿದೆ, ಎಂಎಲ್‌ಎಸ್‌ಎಸ್ (ಏರೇಷನ್ ಟ್ಯಾಂಕ್‌ನ ಒಂದು ಲೀಟರಿನಲ್ಲಿ ಎಷ್ಟು ಮಿ.ಗ್ರಾಂ ಕೆಸರು ಎಂಬ ಅಂಕಿ) 2500 ಇದೆ ಎನ್ನಿ. 600ನ್ನು 1000ಕ್ಕೆ ಗುಣಿಸಿ 2500ರಿಂದ ಭಾಗಿಸಿದರೆ 240. ಇದು ಎಸ್‌ವಿಐ, ಕೆಸರು ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಹೇಳುವ ಅಂಕಿ. 150 ದಾಟಿದರೆ ಕೆಸರು ಉಬ್ಬಿದೆ ಎಂದರ್ಥ. ಸಾಮಾನ್ಯವಾಗಿ ದಾರದಂಥ ಬ್ಯಾಕ್ಟೀರಿಯಾ ಹೆಚ್ಚಾಗಿರುತ್ತವೆ. ಆಮ್ಲಜನಕ ಕಡಿಮೆ ಇದೆಯೇ, ಆಹಾರ ಸಾಲುತ್ತಿಲ್ಲವೇ ಎಂದು ನೋಡಿ.

ಜಾರನ್ನು ತಕ್ಷಣ ಚೆಲ್ಲಬೇಡಿ. ಇನ್ನೂ ಒಂದೆರಡು ಗಂಟೆ ಬಿಡಿ. ಚೆನ್ನಾಗಿ ಕೂತಿದ್ದ ಕೆಸರು ಗುಳ್ಳೆ ಸಮೇತ ಮೇಲೇಳುತ್ತಿದೆಯೇ? ಅದು ಬೇರೆಯೇ ರೋಗ. ತಳದಲ್ಲಿ ನೈಟ್ರೇಟ್ ಒಡೆದು ನೈಟ್ರೋಜನ್ ಗುಳ್ಳೆ ಬರುತ್ತಿದೆ. ಕ್ಲಾರಿಫೈಯರ್‌ನಲ್ಲೂ ಹೀಗೇ ಆಗುತ್ತಿರುತ್ತದೆ. ಕೆಸರನ್ನು ತಳದಲ್ಲಿ ಅಷ್ಟು ಹೊತ್ತು ಬಿಡದೆ ಬೇಗ ವಾಪಸ್ ಎಳೆದರೆ ಅರ್ಧ ಗೆದ್ದಂತೆ.

ಸಂಜೆ ಹರಿವು ಏರುವ ಹೊತ್ತಿಗೆ ಒಂದು ಟಾರ್ಚ್ ಹಿಡಿದು ಕ್ಲಾರಿಫೈಯರ್‌ನ ವಿಯರ್, ಅಂದರೆ ನೀರು ಹೊರಬೀಳುವ ಹಲ್ಲುಹಲ್ಲಿನ ಅಂಚಿನ ಸುತ್ತ ನಡೆಯಿರಿ. ನೀರು ಎಲ್ಲ ಹಲ್ಲುಗಳಿಂದಲೂ ಸಮನಾಗಿ ಬೀಳುತ್ತಿರಬೇಕು. ಒಂದೇ ಕಡೆ ಜೋರಾಗಿ ಬೀಳುತ್ತಿದ್ದರೆ, ಅಲ್ಲಿ ಕೆಸರಿನ ಮೋಡ ಎದ್ದು ಬರುವುದೂ ಕಾಣುತ್ತದೆ. ಹಗಲಿನ ಸ್ಯಾಂಪಲ್‌ನಲ್ಲಿ ಇದು ಎಂದೂ ಸಿಕ್ಕಿಬೀಳುವುದಿಲ್ಲ.

ಎಂಬಿಆರ್ ಬಗೆಯ ಪ್ಲಾಂಟ್ ಆದರೆ ಕ್ಲಾರಿಫೈಯರ್ ಬದಲು ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ. ಅದರ ರಂಧ್ರ ಸುಮಾರು 0.04ರಿಂದ 0.4 ಮೈಕ್ರಾನ್. ಇ. ಕೋಲಿ ಅರ್ಧ ಮೈಕ್ರಾನ್ ದಪ್ಪ, ಒಂದೆರಡು ಮೈಕ್ರಾನ್ ಉದ್ದ. ದಾಟಬಾರದು. ದಾಟುತ್ತಿದ್ದರೆ ಮೆಂಬ್ರೇನ್‌ನ ಎಳೆ ಹರಿದಿದೆ, ಅಥವಾ ಮೆಂಬ್ರೇನ್ ನಂತರದ ಪೈಪ್‌ನಲ್ಲೇ ಬ್ಯಾಕ್ಟೀರಿಯಾ ಬೆಳೆದಿದೆ. ಟರ್ಬಿಡಿಟಿ (ನೀರಿನ ಕಲಕು) ಸದಾ 0.2 ಎನ್‌ಟಿಯು ಮೇಲೆ ಇದ್ದರೆ ಹರಿದ ಎಳೆಯನ್ನೇ ಹುಡುಕಿ.

ಕ್ಲೋರಿನ್ ಹಾಕುತ್ತೇವೆ, ಆದರೂ?

ನನಗೆ ಅತಿ ಹೆಚ್ಚು ಸಲ ಸಿಕ್ಕ ದೋಷ ಇದು. ಡೋಸಿಂಗ್ ಪಂಪ್ ಓಡುತ್ತಿದೆ, ಡ್ರಮ್ ಖಾಲಿಯಾಗುತ್ತಿದೆ, ಪರೀಕ್ಷಿಸಿದರೆ ಬಣ್ಣವೂ ಬರುತ್ತದೆ. ಪ್ಲೇಟ್ ಮೇಲೆ ಮಾತ್ರ ಕಾಲನಿ.

ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್ ತೆಗೆಯಿರಿ. ಮೊದಲ ಪುಡಿ ಹಾಕಿದ ಕೂಡಲೇ ಗುಲಾಬಿ ಬಂದರೆ ಅದು ಫ್ರೀ ಕ್ಲೋರಿನ್, ಯಾವುದರ ಜೊತೆಗೂ ಸೇರದೆ ಉಳಿದದ್ದು. ಆಗ ಬಣ್ಣ ಬಾರದೆ, ಪೊಟ್ಯಾಸಿಯಂ ಅಯೋಡೈಡ್ ಹಾಕಿದ ಮೇಲೆ ಗುಲಾಬಿ ಬಂದರೆ ಇರುವುದೆಲ್ಲ ಕ್ಲೋರಮೈನ್. ಅಂದರೆ ನೀವು ಹಾಕಿದ ಕ್ಲೋರಿನ್ ನೀರಿನ ಅಮೋನಿಯಾ ಜೊತೆ ಸೇರಿಕೊಂಡಿದೆ. ಕ್ಲೋರಮೈನ್ ಕೂಡ ಕೊಲ್ಲುತ್ತದೆ, ಆದರೆ ಬಲು ನಿಧಾನ. ಕ್ಲೋರಿನ್ ಹಾಕಿದ ನೀರು ನಿಲ್ಲುವ ಕಾಂಟ್ಯಾಕ್ಟ್ ಟ್ಯಾಂಕ್‌ನ ಅರ್ಧ ಗಂಟೆ ಅದಕ್ಕೆ ಸಾಲದು.

ಜಾಸ್ತಿ ಕ್ಲೋರಿನ್ ಹಾಕೋಣ ಎನ್ನುತ್ತಾರೆ. ಎಷ್ಟು ಜಾಸ್ತಿ? ಅಮೋನಿಯಾವನ್ನು ಪೂರ್ತಿ ಮುಗಿಸಿ ಫ್ರೀ ಕ್ಲೋರಿನ್ ಉಳಿಯಬೇಕಿದ್ದರೆ, ಪ್ರತಿ 1 ಮಿ.ಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಲೆಕ್ಕದ ಪ್ರಕಾರ 7.6 ಮಿ.ಗ್ರಾಂ ಕ್ಲೋರಿನ್ ಬೇಕು. ಔಟ್‌ಲೆಟ್‌ನಲ್ಲಿ 15 ಮಿ.ಗ್ರಾಂ ಅಮೋನಿಯಾ ನೈಟ್ರೋಜನ್ ಇದ್ದರೆ ಲೀಟರಿಗೆ 114 ಮಿ.ಗ್ರಾಂ. ಯಾರೂ ಅಷ್ಟು ಹಾಕುವುದಿಲ್ಲ, ಹಾಕಲೂಬಾರದು. ಮೀನು ಸಾಯುತ್ತವೆ, ಬೇಡದ ಕ್ಲೋರಿನ್ ಸಂಯುಕ್ತಗಳೂ ಹುಟ್ಟುತ್ತವೆ.

ಹಾಗಾಗಿ ಕ್ಲೋರಿನ್‌ನ ರಿಪೇರಿ ಏರೇಷನ್ ಟ್ಯಾಂಕ್‌ನಲ್ಲಿದೆ. ಅಮೋನಿಯಾವನ್ನು ಅಲ್ಲೇ ನೈಟ್ರೇಟ್ ಮಾಡಿಸಿ. ಕರಗಿದ ಆಮ್ಲಜನಕ ಲೀಟರಿಗೆ 2 ಮಿ.ಗ್ರಾಂ ಆಸುಪಾಸು ಇರಲಿ. ಕೆಸರನ್ನು ಬೇಗ ಬೇಗ ಹೊರಹಾಕಬೇಡಿ, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವಂಥವು. ಪ್ರತಿ 1 ಮಿ.ಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಸುಮಾರು 7.1 ಮಿ.ಗ್ರಾಂ ಕ್ಷಾರತೆ ಖರ್ಚಾಗುತ್ತದೆ, ಅದು ನೀರಿನಲ್ಲಿದೆಯೇ ನೋಡಿ.

ಇಲ್ಲೊಂದು ಗುಂಡಿ ಇದೆ. ಅಮೋನಿಯಾ ನೈಟ್ರೇಟ್ ಆಗುವ ಈ ಕ್ರಿಯೆ (ನೈಟ್ರಿಫಿಕೇಷನ್) ಅರ್ಧಕ್ಕೆ ನಿಂತರೆ ನೈಟ್ರೈಟ್ ಉಳಿಯುತ್ತದೆ. 1 ಮಿ.ಗ್ರಾಂ ನೈಟ್ರೈಟ್ ನೈಟ್ರೋಜನ್ ಸುಮಾರು 5 ಮಿ.ಗ್ರಾಂ ಕ್ಲೋರಿನ್ ತಿಂದುಹಾಕುತ್ತದೆ. ನೆನ್ನೆಯವರೆಗೆ ಸರಿಯಿದ್ದ ಡೋಸ್ ಇವತ್ತು ಏನೂ ಉಳಿಸದೆ ಮಾಯವಾದರೆ ಮೊದಲು ನೈಟ್ರೈಟ್ ಪಟ್ಟಿ ಅದ್ದಿ ನೋಡಿ. ಪಂಪ್ ಬಿಚ್ಚುವುದು ಆಮೇಲೆ.

ಯುವಿ ಇದ್ದರೆ ನೋಡಬೇಕಾದ್ದು ಬೇರೆ. ದೀಪದ ಸುತ್ತ ಇರುವ ಕ್ವಾರ್ಟ್ಜ್ ಕೊಳವೆಗೆ ಕಬ್ಬಿಣದ, ಗಡಸು ನೀರಿನ ಪದರ ಕಟ್ಟಿದೆಯೇ? ದೀಪದ ಗಂಟೆ ಮುಗಿದಿದೆಯೇ? ನೀರಿನ ಮೂಲಕ ಯುವಿ ಎಷ್ಟು ದಾಟುತ್ತಿದೆ? ಕೋಲಿಫಾರ್ಮ್ (ಇ. ಕೋಲಿ ಸೇರಿದ ಬ್ಯಾಕ್ಟೀರಿಯಾ ಗುಂಪು) ಕೊಲ್ಲಲು ಚದರ ಸೆಂಟಿಮೀಟರ್‌ಗೆ 30–40 ಮಿಲಿಜೌಲ್ ಸಾಕಾಗುತ್ತದೆ. ಜೀನನ್ನೇ ಒಡೆಯಲು ಅದರ ಹಲವು ಪಟ್ಟು, ನೂರಾರು ಮಿಲಿಜೌಲ್ ಬೇಕು. ಆದ್ದರಿಂದ ಯುವಿ ನಂತರ ಪ್ಲೇಟ್ ಖಾಲಿ, ಕ್ಯೂಪಿಸಿಆರ್ ಹಾಗೇ ಎಂದು ಬಂದರೆ ಯುವಿ ಕೆಟ್ಟಿಲ್ಲ. ಕ್ಯೂಪಿಸಿಆರ್ ಓದುವುದು ಜೀನ್‌ನ ಒಂದು ತುಣುಕನ್ನು ಮಾತ್ರ, ಏಟು ಬೇರೆ ತುಣುಕಿಗೆ ಬಿದ್ದಿರಬಹುದು.

ಯಾವುದೇ ಸೋಂಕು ನಿವಾರಣೆ ಇರಲಿ, ಈ ಒಂದು ಪರೀಕ್ಷೆ ತಪ್ಪಿಸಬೇಡಿ. ಔಟ್‌ಲೆಟ್ ನೀರನ್ನು ಶುದ್ಧ ಬಾಟಲಿಯಲ್ಲಿ ತುಂಬಿ, ಕ್ಲೋರಿನ್ ತೆಗೆದು, ಕತ್ತಲಲ್ಲಿ ಎರಡು ದಿನ ಇಡಿ. ಮತ್ತೆ ಎಣಿಸಿ. ಸತ್ತಂತೆ ನಟಿಸಿದವು ಎದ್ದು ಬರುತ್ತವೆ. ಹೊಳೆಯಲ್ಲೂ ಅವು ಮಾಡುವುದು ಅದನ್ನೇ. ಯುವಿ ನೀರಿನದಾದರೆ ಇನ್ನೊಂದು ಬಾಟಲಿಯನ್ನು ಬೆಳಕಲ್ಲೂ ಇಡಿ, ಬೆಳಕಿನಲ್ಲಿ ಕೆಲವು ತಮ್ಮ ಡಿಎನ್‌ಎ ರಿಪೇರಿ ಮಾಡಿಕೊಳ್ಳುತ್ತವೆ.

ಒಳಗೆ ಬರುತ್ತಿರುವುದೇ ಬೇರೆ ಆಗಿದ್ದರೆ

ಔಟ್‌ಲೆಟ್ ಶೇಕಡಾವಾರು ಏರಿದ್ದು ಇನ್‌ಲೆಟ್ ಏರಿದ್ದರಿಂದಲೇ ಎಂದು ಗೊತ್ತಾದರೆ, ಮ್ಯಾನ್‌ಹೋಲ್ ಮ್ಯಾನ್‌ಹೋಲ್ ಹಿಂದಕ್ಕೆ ನಡೆಯಬೇಕು. ಕಾರ್ಬಪೆನಮ್ ಗುಂಪಿನ ಮದ್ದಿಗೂ ಬಗ್ಗದ ಬ್ಯಾಕ್ಟೀರಿಯಾ ಒಂದು ಲೈನ್‌ನಲ್ಲಿ ಎದ್ದು ಕಂಡರೆ ಆ ಲೈನ್ ಮೇಲೆ ಆಸ್ಪತ್ರೆ ಇದೆಯೇ ನೋಡಿ. ಆ ಮದ್ದು ಜಾಸ್ತಿ ಬಳಕೆಯಾಗುವುದು ಅಲ್ಲೇ.

ಔಷಧ ತಯಾರಿಕೆಯ ನೀರು ಸೇರುತ್ತಿದ್ದರೆ ಕಥೆಯೇ ಬೇರೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ನೀರಿನಲ್ಲಿ ಲೀಟರಿಗೆ 0.064 ಮೈಕ್ರೋಗ್ರಾಂ ದಾಟಿದರೆ ಪ್ರತಿರೋಧ ಬೆಳೆಯಲು ಅನುಕೂಲ ಆಗಬಹುದು ಎಂಬುದು ಬಹಳ ಕಡೆ ಬಳಸುವ ಗಡಿ. ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರು ಸಂಸ್ಕರಿಸುವ ಘಟಕದ ಔಟ್‌ಲೆಟ್‌ನಲ್ಲಿ ಅದೇ ಮದ್ದು ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು ಎಂದು 2007ರಲ್ಲಿ ಪ್ರಕಟವಾಯಿತು. ಆ ಗಡಿಯ ಸುಮಾರು ನಾಲ್ಕು ಮುಕ್ಕಾಲು ಲಕ್ಷ ಪಟ್ಟು. ಅಂಥ ನೀರಿನಲ್ಲಿ ಬಗ್ಗುವ ಬ್ಯಾಕ್ಟೀರಿಯಾ ಉಳಿಯುವುದೇ ಇಲ್ಲ. ಅಲ್ಲಿ ಪ್ಲಾಂಟ್ ಸರಿಮಾಡಿ ಪ್ರಯೋಜನವಿಲ್ಲ, ಮದ್ದನ್ನು ಕಾರ್ಖಾನೆಯ ಗೇಟ್‌ನೊಳಗೇ ತಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯಾಟಿಕ್ ತಯಾರಿಕೆಯ ತ್ಯಾಜ್ಯಕ್ಕೆಂದೇ 2024ರಲ್ಲಿ ಮಾರ್ಗಸೂಚಿ ತಂದಿದ್ದು ಇಂಥ ಕಡೆಗಳಿಗಾಗಿ.

ಮನೆ ಕೊಳಚೆಯಲ್ಲಿ ಮದ್ದಿನ ಪ್ರಮಾಣ ಇಷ್ಟೆಲ್ಲ ಇರುವುದಿಲ್ಲ. ಆದರೆ ತಾಮ್ರ, ಸತು, ನೆಲ ಒರೆಸುವ ದ್ರಾವಣದ ಅಮೋನಿಯಂ ಸಂಯುಕ್ತಗಳು ಕೂಡ ಪ್ರತಿರೋಧವನ್ನು ಉಳಿಸಬಲ್ಲವು. ಅವನ್ನು ತಡೆದುಕೊಳ್ಳುವ ಜೀನ್‌ಗಳೂ ಮದ್ದಿನ ಪ್ರತಿರೋಧದ ಜೀನ್‌ಗಳೂ ಎಷ್ಟೋ ಸಲ ಒಂದೇ ಡಿಎನ್‌ಎ ತುಂಡಿನಲ್ಲಿ ಕೂತಿರುತ್ತವೆ. ಒಂದು ಉಳಿದರೆ ಇನ್ನೊಂದಕ್ಕೆ ಬಿಟ್ಟಿ ಪ್ರಯಾಣ. ಲೋಹದ ಲೇಪ ಹಾಕುವ ಪ್ಲೇಟಿಂಗ್ ಕಾರ್ಖಾನೆಯ ಲೈನ್ ಸೇರುತ್ತಿದ್ದರೆ ಲೋಹವನ್ನೂ ಅಳೆಸಿ.

ಎಲ್ಲಾ ಸರಿ, ಹೊಳೆ ಮಾತ್ರ ಕೆಟ್ಟಿದೆ

ಆಗ ಪ್ಲಾಂಟ್ ಬೇಲಿಯ ಆಚೆ ನೋಡಿ. ಕೆಸರು ಒಣಗಿಸುವ ಹಾಸಿನ ನೀರು ಎಲ್ಲಿಗೆ ಹರಿಯುತ್ತಿದೆ? ಮಳೆಗೆ ಆ ಹಾಸೇ ತೊಳೆದು ಹೋಗುತ್ತಿದೆಯೇ? ನೀರಿನಿಂದ ತೆಗೆದದ್ದೆಲ್ಲ ಕೆಸರಿನಲ್ಲೇ ಇದೆ ಎಂಬುದು ಮರೆತೇಹೋಗುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್ ಕೂಡ ಕೆಸರಿಗೇ ಅಂಟುತ್ತವೆ. ಆ ಕೆಸರು ಹೊಳೆಯ ಪಕ್ಕದ ಹೊಲಕ್ಕೆ ಹೋಗಿದ್ದರೆ ಮುಂದಿನ ಮಳೆಗೆ ವಾಪಸ್ ಹೊಳೆಗೆ.

ಸೆಪ್ಟಿಕ್ ಟ್ಯಾಂಕ್ ಸೋರಿಕೆ, ದನದ ಕೊಟ್ಟಿಗೆ, ಕೋಳಿ ಫಾರಂ ಯಾವುದೂ ಆಗಬಹುದು. ಮನುಷ್ಯರದ್ದೋ ಅಲ್ಲವೋ ಎಂದು ತಿಳಿಯಲು ಕ್ರ್ಯಾಸ್‌ಫೇಜ್ ಎಂಬ ವೈರಸ್ ಗುರುತು ನೋಡಿಸಿ. ಅದು ಮನುಷ್ಯರ ಕರುಳಿನ ಬ್ಯಾಕ್ಟೀರಿಯಾದಲ್ಲಿ ವಾಸಿಸುವಂಥದ್ದು, 2014ರಲ್ಲಿ ಪತ್ತೆಯಾಯಿತು. ಪ್ರತಿರೋಧದ ಜೀನ್ ಮತ್ತು ಕ್ರ್ಯಾಸ್‌ಫೇಜ್ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಮೂಲ ಮನುಷ್ಯರ ಮಲ. ಜೀನ್ ಮಾತ್ರ ಏರಿ ಕ್ರ್ಯಾಸ್‌ಫೇಜ್ ಏರದಿದ್ದರೆ ಪ್ರಾಣಿಗಳ ಕಡೆಗೆ, ಇಲ್ಲವೇ ಕಾರ್ಖಾನೆಯ ಕಡೆಗೆ ತಿರುಗಿ.

ಹೊಳೆಯ ತಳದ ಹೂಳನ್ನೂ ಮರೆಯಬೇಡಿ. ವರ್ಷಗಳಿಂದ ಕೂತದ್ದು ಅಲ್ಲೇ ಇರುತ್ತದೆ. ಪ್ಲಾಂಟ್ ಸರಿಯಾದ ಮೇಲೂ ನೀರು ಕಲಕಿದಾಗಲೆಲ್ಲ ಮೇಲೆ ಬರುತ್ತದೆ. ರಿಪೇರಿ ಮುಗಿದ ವಾರವೇ ಹೊಳೆ ಸ್ಯಾಂಪಲ್ ತೆಗೆದು "ಏನೂ ಬದಲಾಗಿಲ್ಲ" ಎಂದು ಕೈಚೆಲ್ಲಿದವರಿದ್ದಾರೆ. ರಿಪೇರಿಯ ಫಲ ಮೊದಲು ಕಾಣುವುದು ಔಟ್‌ಲೆಟ್‌ನಲ್ಲಿ. ಅಲ್ಲಿ ನೋಡಿ. ಹೊಳೆಯಲ್ಲಿ ಮೇಲ್ಭಾಗ, ಸೇರುವ ಜಾಗ, ಕೆಳಭಾಗ ಈ ಮೂರು ಕಡೆಯಿಂದ ತಿಂಗಳಿಗೊಮ್ಮೆ, ಕನಿಷ್ಠ ಒಂದು ಮಳೆಗಾಲವೂ ಒಂದು ಬೇಸಿಗೆಯೂ ದಾಟುವವರೆಗೆ ತೆಗೆಯುತ್ತಿರಿ. ಪ್ರತಿ ಬಾಟಲಿಯ ಚೀಟಿಯ ಮೇಲೆ ದಿನಾಂಕದ ಜೊತೆಗೆ ಹಿಂದಿನ ಮೂರು ದಿನ ಮಳೆ ಬಂದಿತ್ತೋ ಇಲ್ಲವೋ, ಅವತ್ತು ಬೈಪಾಸ್ ಗೇಟ್‌ನ ಆಚೆಯ ಕಾಲುವೆ ಒಣಗಿತ್ತೋ ಇಲ್ಲವೋ, ಇವೆರಡನ್ನೂ ಬರೆಯಿರಿ.